ಒಂದು ಚೆಕ್‌ಔಟ್ ಪುಟದ ವಿಮರ್ಶೆ

ಹೋದ ತಿಂಗಳು ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಳು. ಬಂದ ಎರಡನೇ ದಿನಕ್ಕೇ ಬಾಲ್ಕನಿಯಲ್ಲಿ ರಾಶಿ ಬಿದ್ದಿದ್ದ ರಟ್ಟಿನ ಡಬ್ಬಗಳನ್ನೆಲ್ಲ ಬಿಚ್ಚಿ, ಮಡಚಿ, ಹಳೇ ಪೇಪರಿನವನಿಗೆ ಹಾಕಲಿಕ್ಕೆ ಕಟ್ಟು ಕಟ್ಟುತ್ತಾ ಕೂತಳು. ಒಂದೊಂದು ಡಬ್ಬ ಎತ್ತಿದಾಗಲೂ ಅದೇ ಪ್ರಶ್ನೆ: "ಇದ್ರಲ್ಲಿ ಏನ್ ಬಂದಿತ್ತೋ?" ಮೊದಲ ಮೂರಕ್ಕೆ ಉತ್ತರ ಹೇಳಿದೆ. ನಾಲ್ಕನೆಯದು ನೆನಪಾಗಲಿಲ್ಲ. ಐದನೆಯದೂ ನೆನಪಾಗಲಿಲ್ಲ. ಅಮ್ಮ ಆಮೇಲೆ ಕೇಳೋದನ್ನೇ ಬಿಟ್ಟಳು.

ಅದಕ್ಕೂ ಎರಡು ವಾರ ಮುಂಚೆ ಅಪ್ಪ ಫೋನ್ ಮಾಡಿದ್ದರು. ಮಳೆಗಾಲಕ್ಕೆ ಮುಂಚೆ ಹಿತ್ತಿಲ ಕಡೆ ಮಾಡಿನ ಹೆಂಚು ಬದಲಾಯಿಸಬೇಕು, ಮೂವತ್ತು ಸಾವಿರ ಆಗ್ತದಂತೆ, ನಿನ್ನ ಕೈಲಾಗುತ್ತಾ ನೋಡು ಅಂದಿದ್ದರು. "ಈ ತಿಂಗಳು ಸ್ವಲ್ಪ ಟೈಟು ಅಪ್ಪಾ" ಅಂದಿದ್ದೆ. ಸುಳ್ಳೇನೂ ಅಲ್ಲ, ಅಕೌಂಟಿನಲ್ಲಿ ನಿಜಕ್ಕೂ ಅಷ್ಟು ಇರಲಿಲ್ಲ. ಡಬ್ಬಗಳ ಕಟ್ಟು ನೋಡಿದ ರಾತ್ರಿ ಕೂತು ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿದೆ. 47 ಆರ್ಡರ್, 34,600 ರೂಪಾಯಿ. ಅದರಲ್ಲಿ ಒಂದೇ ಒಂದು ಆರ್ಡರೂ ಎರಡು ಸಾವಿರ ದಾಟಿರಲಿಲ್ಲ.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಬುದ್ಧಿವಾದ ಶುರುವಾಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ. ನನಗೆ ಈ ಗಾದೆಯ ಮೇಲೇ ತಕರಾರಿದೆ. ಕಾಲು ಹಾಸಿಗೆ ದಾಟಿದ್ದು ಗೊತ್ತಾಗಬೇಕಾದರೆ ಹಿಮ್ಮಡಿಗೆ ತಣ್ಣನೆಯ ನೆಲ ತಾಗಬೇಕು. ಇವರು ಆ ನೆಲಕ್ಕೂ ಮೆತ್ತೆ ಹಾಸಿಟ್ಟಿದ್ದಾರಲ್ಲ, ಮಲಗಿದವನಿಗೆ ಎಲ್ಲಿಂದ ಗೊತ್ತಾಗಬೇಕು?

ಸಿನಿಮಾ, ಪುಸ್ತಕ ಅಂತ ಆಗಾಗ ಏನೋ ಬರೆಯೋನು ನಾನು. ಹಾಗಾಗಿ ಗೊತ್ತಿರೋ ಒಂದೇ ಕೆಲಸ ಮಾಡಿದೆ. ರಾತ್ರಿ ಹನ್ನೊಂದೂವರೆಗೆ ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ದಿನಾ ನೋಡುವ ಆ ಪುಟವನ್ನು ಒಂದು ಕೃತಿಯ ಹಾಗೆ ಓದಿದೆ.

ಮೊದಲು ಕಣ್ಣಿಗೆ ಬೀಳೋದು ಗೀಟು ಎಳೆದ ಬೆಲೆ. 1,499ಕ್ಕೆ ಗೀಟು, ಪಕ್ಕದಲ್ಲಿ 649. ಎಂಆರ್‌ಪಿ ಅಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಅಂತ ಗ್ರಾಹಕರ ರಕ್ಷಣೆಗೆ ಬಂದ ಸಂಖ್ಯೆ. ಈಗ ಅದೇ ಗಾಳ. ಟ್ವರ್ಸ್ಕಿ ಮತ್ತು ಕಾನಮನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಪ್ರಯೋಗ ಬರುತ್ತೆ. ಜನರ ಮುಂದೆ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟಿರಬಹುದು ಅಂತ ಕೇಳುತ್ತಾರೆ. ಚಕ್ರ 10ಕ್ಕೆ ನಿಂತಾಗ ನೋಡಿದವರ ಅಂದಾಜು 25ರ ಹತ್ತಿರ, 65ಕ್ಕೆ ನಿಂತಾಗ ನೋಡಿದವರದ್ದು 45. ಚಕ್ರಕ್ಕೂ ಆಫ್ರಿಕಕ್ಕೂ ಏನು ಸಂಬಂಧ? ಏನೂ ಇಲ್ಲ. 1,499ಕ್ಕೂ ನನ್ನ ಇಯರ್‌ಫೋನಿಗೂ ಇರೋ ಸಂಬಂಧ ಅಷ್ಟೇ. ಆದರೂ ಆ ರಾತ್ರಿ ನಾನು 649 ಖರ್ಚು ಮಾಡಿದೆ ಅಂದುಕೊಳ್ಳಲಿಲ್ಲ, 850 ಉಳಿಸಿದೆ ಅಂದುಕೊಂಡೆ.

ಅದರ ಕೆಳಗೆ "ಎರಡೇ ಉಳಿದಿವೆ". ಇದೇನು ಹೊಸದಲ್ಲ ಬಿಡಿ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ "ಇದೇ ಲಾಸ್ಟ್ ಪೀಸ್ ಅಕ್ಕಾ, ನಿಮಗೋಸ್ಕರ ಇಟ್ಟಿದ್ದೆ" ಅನ್ನೋದನ್ನು ಚಿಕ್ಕವನಿದ್ದಾಗಿಂದ ಕೇಳಿದ್ದೇನೆ. ಹಳೇ ಅಂಗಡಿಯವರೆಲ್ಲ ಹರಿಶ್ಚಂದ್ರರು, ಆ್ಯಪಿನವರು ಮಾತ್ರ ಕಳ್ಳರು ಅನ್ನೋ ಬರಹ ನನಗೆ ಸೇರಲ್ಲ. ಆದರೆ ಅಮ್ಮ ಚಿಕ್ಕಪೇಟೆಯಲ್ಲಿ ಏನು ಮಾಡ್ತಿದ್ದಳು ಅಂದರೆ, ಚೌಕಾಸಿ ಕುದುರದಿದ್ದರೆ ಎದ್ದು ಹೊರಟುಬಿಡ್ತಿದ್ದಳು. ಮೂರು ಅಂಗಡಿ ದಾಟುವಷ್ಟರಲ್ಲಿ ಹಿಂದಿಂದ ಕೂಗು ಬರುತ್ತಿತ್ತು, ಇಲ್ಲವೇ ಅಮ್ಮನಿಗೇ ಆ ಸೀರೆ ಮರೆತುಹೋಗ್ತಿತ್ತು. ಎದ್ದು ಹೋಗೋದು ಅವಳ ಅಸ್ತ್ರವಾಗಿತ್ತು. ಇಲ್ಲಿ ನಾನು ಎದ್ದು ಹೋದರೆ ಅಂಗಡಿಯೇ ನನ್ನ ಹಿಂದೆ ಹೊರಡುತ್ತೆ, ಬಾತ್‌ರೂಮಿನ ತನಕ. "ನಿಮ್ಮ ಕಾರ್ಟ್ ನಿಮಗಾಗಿ ಕಾಯುತ್ತಿದೆ." ಅಮ್ಮನ ಮರೆವು ಅವಳ ದುಡ್ಡು ಉಳಿಸ್ತಿತ್ತು. ನನಗೆ ಮರೆಯೋ ಅವಕಾಶವೇ ಇಲ್ಲ.

ಇಷ್ಟೆಲ್ಲ ಬರೀ ಪೀಠಿಕೆ. ಈ ಪುಟದ ನಿಜವಾದ ಕೈಚಳಕ ಇರೋದು ಕೊನೇ ಬಟನ್ನಿನಲ್ಲಿ.

ದುಡ್ಡು ಕೊಡುವಾಗ ಒಂದು ಸಣ್ಣ ನೋವಾಗುತ್ತೆ. ಐನೂರರ ನೋಟು ಮುರಿಸುವಾಗ ಒಂದು ಕ್ಷಣ ಕೈ ತಡೆಯುತ್ತಲ್ಲ, ಅದು. ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಬಿಎ ವಿದ್ಯಾರ್ಥಿಗಳ ಮುಂದೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟಿದ್ದರು. ಕೆಲವರು ನಗದು ಕೊಡಬೇಕು, ಕೆಲವರು ಕಾರ್ಡಿನಲ್ಲಿ ಕೊಡಬೇಕು. ಟಿಕೆಟ್ ಅದೇ, ಪಂದ್ಯ ಅದೇ. ಕಾರ್ಡಿನವರು ಕೂಗಿದ ಬೆಲೆ ಸರಾಸರಿ ಎರಡು ಪಟ್ಟಿಗೂ ಹೆಚ್ಚು. ಇವರು ಎಂಬಿಎ ಓದುತ್ತಿದ್ದವರು ಅನ್ನೋದನ್ನು ಗಮನಿಸಿ. ಲೆಕ್ಕ ಬರದವರಲ್ಲ.

ಅಂದಿನಿಂದ ಇಂದಿನವರೆಗೆ ಆ ನೋವನ್ನು ಕೆತ್ತಿ ಕೆತ್ತಿ ತೆಗೆಯೋದೇ ಕೆಲಸವಾಗಿದೆ. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ವಿಧಾನಕ್ಕೆ ಅಮೆಜಾನ್ 1999ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. ಅದರ ಅವಧಿ ಮುಗಿದದ್ದು 2017ರಲ್ಲಿ. ಒಂದು ಕ್ಲಿಕ್ ಕಡಿಮೆ ಮಾಡುವುದಕ್ಕೆ ಎಷ್ಟು ಬೆಲೆ ಇದೆ ಅಂತ ಅವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು. ಈಗ ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೂಡ ಬೇಡ. ಊರಿನ ದಿನಸಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಸಾಲ" ಅಂತ ಬೋರ್ಡ್ ಇರುತ್ತಿತ್ತು. ಈ ಪುಟದಲ್ಲಿ ಅದನ್ನು ತಿರುಗಿಸಿ ಬರೆದಿದ್ದಾರೆ: ಇವತ್ತು ತಗೊಳ್ಳಿ, ಮುಂದಿನ ತಿಂಗಳು ಕೊಡಿ.

ಕಾನೂನು ಏನೂ ಮಾಡಿಲ್ಲ ಅಂತಲ್ಲ. ಹೀಗೆ ನಮ್ಮನ್ನು ದಾರಿ ತಪ್ಪಿಸುವ ವಿನ್ಯಾಸಗಳಿಗೆ "ಡಾರ್ಕ್ ಪ್ಯಾಟರ್ನ್" ಅಂತ 2010ರಲ್ಲಿ ಹೆಸರಿಟ್ಟವನು ಹ್ಯಾರಿ ಬ್ರಿಗ್ನಲ್. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸೋದು, ಕೇಳದೆ ಕಾರ್ಟಿಗೆ ಏನಾದರೂ ಸೇರಿಸೋದು, ಬೇಡ ಅಂದವರಿಗೆ ನಾಚಿಕೆಯಾಗುವಂತೆ ಬಟನ್ ಬರೆಯೋದು, ಹೀಗೆ. ಒಳ್ಳೇ ಪಟ್ಟಿ, ಓದಿ ಖುಷಿಪಟ್ಟೆ. ಆಮೇಲೆ ನನ್ನ 47 ಆರ್ಡರ್‌ಗಳನ್ನು ಅದರ ಪಕ್ಕ ಇಟ್ಟು ನೋಡಿದೆ. ಖಚಿತವಾಗಿ ಮೋಸ ಅನ್ನಬಹುದಾದದ್ದು ಮೂರೋ ನಾಲ್ಕೋ. ಉಳಿದವುಗಳಲ್ಲಿ ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ವಿಳಾಸ ನೆನಪಿಟ್ಟುಕೊಂಡಿದ್ದರು, ಕಾರ್ಡ್ ನೆನಪಿಟ್ಟುಕೊಂಡಿದ್ದರು, ಹತ್ತು ನಿಮಿಷದಲ್ಲಿ ತಂದು ಕೊಟ್ಟಿದ್ದರು. ಇನ್ನು 61 ರೂಪಾಯಿಗೆ ಏನಾದರೂ ತಗೊಂಡರೆ ಡೆಲಿವರಿ ಫ್ರೀ ಅಂತ ನಿಜವನ್ನೇ ಹೇಳಿದ್ದರು. ನಾನು 25 ರೂಪಾಯಿ ಡೆಲಿವರಿ ಉಳಿಸೋಕೆ 110 ರೂಪಾಯಿಯ ಬಿಸ್ಕತ್ತು ಹಾಕಿದ್ದೆ. ಸೌಲಭ್ಯವನ್ನು ಯಾವ ಕಾನೂನಿನ ಕೆಳಗೆ ನಿಷೇಧಿಸ್ತೀರಿ?

ಹಾಗಾಗಿ ಮನೋಬಲ, ಸಂಕಲ್ಪ ಅನ್ನೋದನ್ನೆಲ್ಲ ಪಕ್ಕಕ್ಕಿಟ್ಟೆ. ಆಫೀಸಿನಲ್ಲಿ ದಿನವಿಡೀ ಬೈಸಿಕೊಂಡು ಬಂದವನ ಸಂಕಲ್ಪ ರಾತ್ರಿ ಹನ್ನೊಂದೂವರೆಗೆ ಎಷ್ಟಿರುತ್ತೆ ಅಂತ ನಿಮಗೂ ಗೊತ್ತು. ಅವರು ತೆಗೆದುಹಾಕಿದ ತೊಡಕುಗಳನ್ನು ನಾನೇ ಒಂದೊಂದಾಗಿ ವಾಪಸ್ ಹಾಕಿದೆ. ಆ್ಯಪ್ ತೆಗೆದೆ. ಬೇಕಾದರೆ ಬ್ರೌಸರಿನಲ್ಲಿ, ಪ್ರತಿ ಸಲ ಪಾಸ್‌ವರ್ಡ್ ಹಾಕಿ. 2022ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅಂಗಡಿಯವರು ನಮ್ಮ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಒಂದು ಟೋಕನ್ ಇರುತ್ತೆ. ಆ ಟೋಕನ್‌ಗಳನ್ನೂ ಅಳಿಸಿದೆ. ಈಗ ಪ್ರತಿ ಸಲ ಎದ್ದು ಹೋಗಿ ಪ್ಯಾಂಟಿನ ಜೇಬಿನಿಂದ ಪರ್ಸ್ ತರಬೇಕು. ನಂಬಿ, ಅರ್ಧಕ್ಕರ್ಧ ಆಸೆ ಅಲ್ಲೇ ಸಾಯುತ್ತೆ. ಯುಪಿಐಗೆ ಸಂಬಳದ ಅಕೌಂಟ್ ಬಿಟ್ಟು ಬೇರೆ ಒಂದು ಹಳೇ ಅಕೌಂಟ್ ಜೋಡಿಸಿದೆ. ಒಂದನೇ ತಾರೀಖು ಅದಕ್ಕೆ ಎಂಟು ಸಾವಿರ ಹಾಕ್ತೀನಿ, ತೀರಿದರೆ ತೀರಿತು. ಕಳೆದ ತಿಂಗಳು 22ಕ್ಕೇ ತೀರಿ, ದರ್ಶಿನಿಯಲ್ಲಿ ಪೇಮೆಂಟ್ ಫೇಲ್ ಆಗಿ, ಹಿಂದೆ ಕ್ಯೂನಲ್ಲಿದ್ದವರೆಲ್ಲ ನೋಡಿದರು. ಅಂಚು ಕಾಲಿಗೆ ತಾಗಿದ್ದು ಆಗ.

ಇನ್ನೊಂದು, ಅಮ್ಮನಿಂದ ಕದ್ದದ್ದು. ಮನೆಯಲ್ಲಿ ಅವಳು ಕ್ಯಾಲೆಂಡರಿನ ಹಿಂದೆ ತಿಂಗಳ ಸಾಮಾನಿನ ಚೀಟಿ ಸಿಕ್ಕಿಸಿರುತ್ತಾಳೆ, ನೆನಪಾದಾಗೆಲ್ಲ ಒಂದೊಂದು ಬರೆಯುತ್ತಾಳೆ. ನಾನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಬೇಕು ಅನ್ನಿಸಿದ್ದನ್ನು ತಾರೀಖು ಹಾಕಿ ಬರೆಯೋದು, ಆರ್ಡರ್ ಮಾಡೋದು ಭಾನುವಾರ ಬೆಳಿಗ್ಗೆ ಮಾತ್ರ. ಆ್ಯಪಿನ ವಿಶ್‌ಲಿಸ್ಟ್ ಇದಕ್ಕೆ ಆಗಿಬರಲ್ಲ, ಅದು "ಬೆಲೆ ಇಳಿದಿದೆ" ಅಂತ ಮಾತಾಡುತ್ತೆ. ಕಾಗದ ಸುಮ್ಮನಿರುತ್ತೆ.

ಪೂರ್ತಿ ಗೆದ್ದೆ ಅಂತೇನಿಲ್ಲ. ಹೋದ ಗುರುವಾರ ಅಪ್ರೈಸಲ್ ಮುಗಿಸಿಕೊಂಡು ಬಂದ ರಾತ್ರಿ, ಪಾಸ್‌ವರ್ಡ್ ಹಾಕಿ, ಪರ್ಸ್ ಹುಡುಕಿ, ಓಟಿಪಿಗೆ ಕಾದು, ಕಾಫಿ ಬೀಜ ಪುಡಿ ಮಾಡೋ ಮೆಷಿನ್ ತರಿಸಿದೆ. ಮನೆಯಲ್ಲಿ ಬೀಜ ಇಲ್ಲ, ಪುಡಿ ಇದೆ. ಅಪ್ಪನಿಗೆ ಹದಿನೈದು ಸಾವಿರ ಕಳಿಸಿದ್ದೇನೆ, ಉಳಿದದ್ದು ಮುಂದಿನ ತಿಂಗಳು. ಹೆಂಚಿನವನು ಅರ್ಧ ಮಾಡು ಹೊದಿಸಿ ಹೋಗಿದ್ದಾನಂತೆ.