ಸೋಸದ ಪೇಲ್ ಏಲ್‌ಗೆ ಐವತ್ತಕ್ಕೆ ಎಷ್ಟು?

ಮಬ್ಬಾದ ಪಾನೀಯ ಕೊರಟಗೆರೆ ಸೀಮೆಯ ಹಿರಿಯರಿಗೆ ಹೊಸದಲ್ಲ. ಸೇಂದಿಗೆ ನಿಷೇಧ ಬರುವವರೆಗೆ ಮಧುಗಿರಿ, ಶಿರಾ, ಪಾವಗಡದ ಕಡೆ ಈಚಲು ಮರದ ಹೆಂಡ ನೊರೆ ಸಮೇತ ಮಡಕೆಯಿಂದ ನೇರವಾಗಿ ಬರುತ್ತಿತ್ತು. ಬೆಳಗಿನದು ಸಿಹಿ, ಸಂಜೆಯದು ಹುಳಿ. ಅದೇ ಸೀಮೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಹುಡುಗರು ಇವತ್ತು ಬ್ರೂಪಬ್‌ನಲ್ಲಿ ಕೂತು, ಗ್ಲಾಸಿನಲ್ಲಿರುವ ಪೇಲ್ ಏಲ್ ತಿಳಿಯಾಗಿಲ್ಲವೆಂದು ಹುಬ್ಬು ಗಂಟಿಕ್ಕುತ್ತಾರೆ. ಬಾಟಲಿ ಲಾಗರ್ ನೋಡಿ ಪಳಗಿದ ಕಣ್ಣು ಅದು.

2010ರ ನಂತರದ ಎರಡು ಮೂರು ವರ್ಷಗಳಲ್ಲಿ ಬಿಯೆರ್ ಕ್ಲಬ್, ಟಾಯ್ಟ್, ಆರ್ಬರ್, ವಿಂಡ್‌ಮಿಲ್ಸ್‌ನಂಥ ಜಾಗಗಳು ಬೆಂಗಳೂರಿನಲ್ಲಿ ಒಂದರ ಹಿಂದೊಂದು ಶುರುವಾದವು. ಬಿಯರು ಅಲ್ಲೇ ತಯಾರಾಗಿ ಅಲ್ಲೇ ಖರ್ಚಾಗುತ್ತದೆ. ದೂರದ ಊರಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂರಬೇಕಾದ ಬಾಟಲಿಗೆ ಬೇಕಾಗುವಷ್ಟು ಸೋಸುವಿಕೆ ಇಲ್ಲಿ ಬೇಕಿಲ್ಲ. ಸೋಸಿದರೆ ಯೀಸ್ಟ್ ಹೋಗುತ್ತದೆ, ಅದರ ಜೊತೆಗೆ ಹಾಪ್ಸ್ ಹೂವಿನ ಪರಿಮಳವೂ ಒಂದಿಷ್ಟು ಹೋಗುತ್ತದೆ. ಪೇಲ್ ಏಲ್‌ನ ಜೀವವೇ ಆ ಪರಿಮಳ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಚಿಕೋ ಊರಿನಲ್ಲಿ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಪೇಲ್ ಏಲ್ ಮಾಡಲು ತೊಡಗಿದರು. ಬಾಟಲಿಯೊಳಗೇ ಯೀಸ್ಟ್ ಉಳಿಸಿದರು, 1972ರಲ್ಲಿ ಬಿಡುಗಡೆಯಾಗಿದ್ದ ಕ್ಯಾಸ್ಕೇಡ್ ಹಾಪ್ಸ್ ಧಾರಾಳವಾಗಿ ಹಾಕಿದರು. ಕ್ಯಾಸ್ಕೇಡ್‌ನ ವಾಸನೆಗೆ ಅಲ್ಲಿನವರು ಗ್ರೇಪ್‌ಫ್ರೂಟ್ ಎನ್ನುತ್ತಾರೆ. ನಮ್ಮ ಮೂಗಿಗೆ ಅದು ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದಾಗ ಬರುವ ಘಮ.

ನೀರಿನ ಮಾತೂ ಇದೆ. ಇಂಗ್ಲೆಂಡಿನ ಬರ್ಟನ್ ಊರಿನ ಗಡಸು ನೀರಿನಲ್ಲಿದ್ದ ಜಿಪ್ಸಂನಿಂದಲೇ ಅಲ್ಲಿನ ಪೇಲ್ ಏಲ್‌ನ ಕಹಿಗೆ ಆ ಹರಿತ ಬಂತು. ಗಡಸು ನೀರೆಂದರೇನು ಎಂದು ಕೊಳವೆಬಾವಿ ನೀರು ಕಾಸಿ, ಪಾತ್ರೆಯ ತಳದ ಬಿಳಿ ಪದರ ಕೆರೆದವರಿಗೆ ಹೇಳಿಕೊಡಬೇಕಿಲ್ಲ. ಇಂದಿನ ಮಬ್ಬು ಏಲ್ ಮಾಡುವವರು ಇದಕ್ಕೆ ಉಲ್ಟಾ ಹೋಗುತ್ತಾರೆ: ಜಿಪ್ಸಂನಿಂದ ಬರುವ ಸಲ್ಫೇಟ್ ತಗ್ಗಿಸಿ ಕ್ಲೋರೈಡ್ ಏರಿಸುತ್ತಾರೆ, ಗೋಧಿಯನ್ನೋ ಓಟ್ಸನ್ನೋ ಸೇರಿಸುತ್ತಾರೆ. ಆ ಧಾನ್ಯದ ಪ್ರೋಟೀನೂ ಹಾಪ್ಸ್‌ನ ಒಗರೂ ಕೂಡಿಕೊಂಡು ತೇಲುವುದೇ ಮಬ್ಬು. ಬಾಯಿಗೆ ಮೆತ್ತಗೆ ತಾಗುತ್ತದೆ.

ಅಂಕ ಕೊಡುವುದಕ್ಕೆ ಜಗತ್ತಿನಾದ್ಯಂತ ಬಿಯರ್ ತೀರ್ಪುಗಾರರು ಬಳಸುವ ಬಿಜೆಸಿಪಿ ಹಾಳೆಯೇ ಸಾಕು. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಗುಣಕ್ಕೆ 5, ಒಟ್ಟಾರೆಗೆ 10. ಐವತ್ತರಲ್ಲಿ ನೋಟಕ್ಕೆ ಬರೀ ಮೂರು! ಮಬ್ಬು ನೋಡಿ ಮುಖ ತಿರುಗಿಸುವವರೂ, ಮಬ್ಬು ನೋಡಿಯೇ ಮರುಳಾಗುವವರೂ ಈ ಲೆಕ್ಕವನ್ನು ಗಮನಿಸಬೇಕು.

ಈ ವಾರ ಅಂಕಕ್ಕೆ ಬಂದದ್ದು ಪೂರ್ವ ಬೆಂಗಳೂರಿನ ಒಂದು ಬ್ರೂಪಬ್‌ನ ಸೋಸದ ಪೇಲ್ ಏಲ್. ಬಣ್ಣ ಹೊಸ ಜೇನಿನದು, ನೊರೆ ಬಿಳುಪು, ಗ್ಲಾಸಿನ ಅಂಚಿಗೆ ಅಂಟಿ ಇಳಿಯುತ್ತದೆ: 3ಕ್ಕೆ 3. ಮೂಗಿಗೆ ಮೊದಲು ಚಕ್ಕೋತ, ಹಿಂದೆಯೇ ಮಾವಿನ ಸೊನೆ, ಆಮೇಲೆ ಬಿಸ್ಕತ್ತಿನಂಥ ಮಾಲ್ಟು: 9. ರುಚಿಯಲ್ಲಿ ಕಹಿ ಹದವಾಗಿ ಏರುತ್ತದೆ. ನುಂಗಿದ ಮೇಲೆ ಮಾತ್ರ ಗಂಟಲ ಹತ್ತಿರ ಯೀಸ್ಟಿನ ಒಗರು ಉಳಿಯುತ್ತದೆ. ಟ್ಯಾಂಕಿನ ತಳದ ಮಡ್ಡಿ ಪೂರ್ತಿ ಕೂರುವ ಮುಂಚೆಯೇ ನಲ್ಲಿ ತಿರುಗಿಸಿದ್ದರ ಗುರುತು ಇದು. ಇನ್ನೆರಡು ದಿನ ತಾಳಿದ್ದರೆ ಮಬ್ಬು ಹಾಗೇ ಇರುತ್ತಿತ್ತು, ಬಗ್ಗಡ ತಳ ಸೇರುತ್ತಿತ್ತು. ರುಚಿಗೆ 14, ಬಾಯಿಗೆ 4, ಒಟ್ಟಾರೆಗೆ 7. ಕೂಡಿದರೆ 37. ಒಳ್ಳೆಯ ಏಲ್, ಅವಸರದ ಏಲ್.

ಸವಿಯುವ ಕ್ರಮವೂ ಮುಖ್ಯ. ಕೊರೆಯುವಷ್ಟು ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಏಳೆಂಟು ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಗ್ಲಾಸನ್ನು ಅಂಗೈಯಲ್ಲಿ ಹಿಡಿದಿರಬೇಕು. ಮೊದಲು ಮೂಗು, ಆಮೇಲೆ ನಾಲಿಗೆ. ಮಸಾಲೆ ಕಡಲೆಬೀಜ ಮುಟ್ಟುವುದು ಅಂಕ ಬರೆದಾದ ಮೇಲೆ.

ಈ ಏಲ್‌ನ ದೊಡ್ಡ ಶತ್ರು ಗಾಳಿ. ಆಮ್ಲಜನಕ ಸೋಕಿದರೆ ಹಣ್ಣಿನ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಹೊಂಬಣ್ಣ ಕಂದಾಗುತ್ತದೆ. ಹೀಗಾದ ಗ್ಲಾಸನ್ನು ಸಂಕೋಚಪಡದೆ ವಾಪಸ್ ಕಳಿಸಬಹುದು. ಬ್ರೂಪಬ್‌ನವರಲ್ಲಿ ಈ ಅಂಕಣದ ಕೋರಿಕೆ ಒಂದೇ: ಏಲ್‌ನ ಹೆಸರು, ಬೆಲೆ, ಆಲ್ಕೋಹಾಲಿನ ಪ್ರಮಾಣ ಬರೆಯುವ ಬೋರ್ಡಿನ ಮೇಲೆ, ಅದು ಟ್ಯಾಂಕಿನಿಂದ ಸರಬರಾಜಿಗೆ ಬಂದ ತಾರೀಖನ್ನೂ ಬರೆಯಿರಿ.