ಹುಳಿಗೆ ಐವತ್ತಕ್ಕೆ ಎಷ್ಟು ಅಂಕ?

ಬ್ರಸೆಲ್ಸ್‌ಗೆ ನಾನು ಹೋಗಿದ್ದು ಕ್ಲೈಂಟ್ ಕೆಲಸಕ್ಕೆ, ಮೂರು ವಾರದ ಮಟ್ಟಿಗೆ. ಒಂದು ಶನಿವಾರ ಸಂಜೆ ಪುಣೆಯಿಂದ ಜೊತೆಗೆ ಬಂದಿದ್ದ ಇಬ್ಬರು ಸಹೋದ್ಯೋಗಿಗಳೊಂದಿಗೆ ಕೂತು ಎರಡು ರಾಸ್‌ಬೆರಿ ಬಿಯರ್ ತರಿಸಿದೆ. ಒಂದು, ಅದೇ ಊರಿನ ಆಂಡರ್ಲೆಕ್ಟ್ ಭಾಗದಲ್ಲಿ 1900ರಲ್ಲಿ ಶುರುವಾದ ಕಾಂತಿಯೋನ್ ಬ್ರೂವರಿಯ ‘ರೋಜೆ ದ ಗಾಂಬ್ರಿನಸ್’. ಇನ್ನೊಂದರ ಹೆಸರು ಬೇಡ; ಸಿಹಿ ಬೆರೆಸಿ ಮಾರುವ ಅಂಥವು ಹಲವಾರಿವೆ. ಮೊದಲ ಗುಟುಕಿಗೇ ಮೂವರೂ ತೀರ್ಪು ಕೊಟ್ಟುಬಿಟ್ಟೆವು. ಸಿಹಿಯದ್ದಕ್ಕೆ ಐದಕ್ಕೆ ನಾಲ್ಕು, ಕಾಂತಿಯೋನ್‌ಗೆ ಎರಡು. ‘ಇದೇನು ಸಾರ್, ಕೆಟ್ಟುಹೋಗಿದೆಯಾ?’ ಎಂದು ಒಬ್ಬ ಕೇಳಿಯೂ ಬಿಟ್ಟ. ನಾನು ಕೊಟ್ಟ ಆ ಎರಡನ್ನು ವಾಪಸ್ ತೆಗೆದುಕೊಳ್ಳುವುದಕ್ಕೇ ಈ ಬರಹ.

ಇದು ಲ್ಯಾಂಬಿಕ್ ಎಂಬ ಜಾತಿಯ ಬಿಯರ್. ಬಾರ್ಲಿ ಮಾಲ್ಟ್ ಮೂರರಲ್ಲಿ ಎರಡು ಪಾಲು, ಮೊಳಕೆ ಬರಿಸದ ಗೋಧಿ ಒಂದು ಪಾಲು. ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು ಆರಿಸುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿರುವುದು, ಮರದ ಪೀಪಾಯಿಯಲ್ಲಿ ನೆಲೆಸಿರುವುದು, ಅದೇ ಬಂದು ಹುಳಿ ಬರಿಸಬೇಕು. ಹಾಗಾಗಿ ಚಳಿಯ ತಿಂಗಳುಗಳಲ್ಲಿ ಮಾತ್ರ ಈ ಕೆಲಸ; ಸೆಕೆಯಲ್ಲಿ ಬೇಡದ ಸೂಕ್ಷ್ಮಜೀವಿಗಳ ಕಾಟ ಹೆಚ್ಚು. ಪೀಪಾಯಿಯಲ್ಲಿ ದೀರ್ಘಕಾಲ ಕೂತ ಮೇಲೆ ಲೀಟರಿಗೆ ಸುಮಾರು 200 ಗ್ರಾಂ ಲೆಕ್ಕದಲ್ಲಿ ರಾಸ್‌ಬೆರಿ ಸೇರುತ್ತದೆ. ಗುಟ್ಟಿರುವುದು ಇಲ್ಲೇ. ಹಣ್ಣಿನ ಸಕ್ಕರೆಯನ್ನೂ ಆ ಜೀವಿಗಳು ತಿಂದು ಮುಗಿಸುತ್ತವೆ. ಉಳಿಯುವುದು ಹಣ್ಣಿನ ಬಣ್ಣ, ಪರಿಮಳ, ಹುಳಿ, ಬೀಜದ ಒಗರು. ಮದ್ಯಾಂಶ ಶೇ. 5ರ ಆಸುಪಾಸು.

ರಾತ್ರಿ ದೋಸೆ ಹಿಟ್ಟು ರುಬ್ಬಿಟ್ಟು ಮಲಗುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ‘ಹಿಟ್ಟು ಹುಳಿ ಬಂತಾ?’ ಎಂದು ನಾವು ಕೇಳಿದರೆ ಅದರಲ್ಲಿ ರುಚಿಯೂ ಇದೆ, ಹುದುಗುವುದೂ ಇದೆ. ಎರಡಕ್ಕೂ ಒಂದೇ ಮಾತು. ಅಂಥ ಭಾಷೆಯಲ್ಲಿ ಬೆಳೆದವನು ನಾನು. ಬಿಯರ್ ಹುಳಿಯಾಗಿದೆ ಎಂದು ಮುಖ ಸಿಂಡರಿಸಿದ್ದು ಈಗ ನೆನೆದರೆ ನಾಚಿಕೆ.

ಮಾರನೇ ವಾರ ಒಬ್ಬನೇ ಹೋಗಿ ಅದನ್ನೇ ತರಿಸಿ, ಒಂದು ಗಂಟೆ ಕೂತು ಕುಡಿದೆ. ಈ ಸಲ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿ ಇಟ್ಟುಕೊಂಡಿದ್ದೆ. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಬಗೆಗೆ 5, ಒಟ್ಟಾರೆಗೆ 10.

ವಾಸನೆ: ಮೊದಲು ಹಣ್ಣು, ಆಮೇಲೆ ಒಣಹುಲ್ಲು, ಕೊಟ್ಟಿಗೆಯ ಮೂಲೆ. ಗ್ಲಾಸಿನ ತಂಪು ಇಳಿದ ಹಾಗೆ ಹಳೇ ಮರದ ಪೆಟ್ಟಿಗೆ ತೆರೆದಂತಾಯಿತು. 10.

ನೋಟ: ತೆಳು ಕೆಂಪು. ನೀರು ಹೆಚ್ಚಾದ ಪುನರ್ಪುಳಿ ಶರಬತ್ತಿನ ಬಣ್ಣ. ನೊರೆ ಬೇಗ ಅಡಗಿತು, ಅದು ತಪ್ಪಲ್ಲ. 3.

ರುಚಿ: ನಾಲಿಗೆಯ ಅಂಚಿಗೆ ಚುಳ್ ಎನ್ನುವ ಹುಳಿ, ಸಿಹಿಯ ಸುಳಿವೇ ಇಲ್ಲ. ಆದರೆ ನುಂಗಿದ ಮೇಲೆ, ಹಣ್ಣು ಆಗಷ್ಟೇ ಬಾಯಿಂದ ಎದ್ದು ಹೋದಂತೆ ಒಂದು ಘಮ ಉಳಿಯುತ್ತದೆ. 17.

ಬಾಯಿಗೆ ಹತ್ತುವ ಬಗೆ: ಹಗುರ, ಶುಷ್ಕ, ಕೊನೆಯಲ್ಲಿ ಒಗರು. 4.

ಒಟ್ಟಾರೆ: 8.

ಕೂಡಿದರೆ 42. ಅಂದು ನಾಲ್ಕು ಗಿಟ್ಟಿಸಿದ್ದ ಸಿಹಿಯದ್ದನ್ನೂ ಇದೇ ಪಟ್ಟಿಗೆ ಹಾಕಿದೆ, 28 ಬಂತು. ಅದರಲ್ಲಿ ದೋಷವೇನೂ ಇಲ್ಲ. ಮೊದಲ ಗುಟುಕಿನಲ್ಲಿ ಏನಿತ್ತೋ ಕೊನೆಯದರಲ್ಲೂ ಅದೇ ಇತ್ತು, ಅಷ್ಟೇ. ಅರ್ಧಕ್ಕೆ ಬರುವಾಗ ಕೈ ನೀರಿನ ಲೋಟದ ಕಡೆ ಹೋಯಿತು.

ಅಂಕಪಟ್ಟಿಯ ಮೇಲೂ ನನ್ನದೊಂದು ತಕರಾರಿದೆ. ಒಗರನ್ನು ಅದು ರುಚಿಯಲ್ಲಿ ಸೇರಿಸುವುದಿಲ್ಲ. 5 ಅಂಕದ ಆ ಸಣ್ಣ ಕಂಡಿಕೆಗೆ ತಳ್ಳುತ್ತದೆ. ನಮಗೆ ಒಗರು ಆರು ರಸಗಳಲ್ಲಿ ಒಂದು. ಬೆಟ್ಟದ ನೆಲ್ಲಿಕಾಯಿ ಕಚ್ಚಿದವರಿಗೆ ಹುಳಿ ಎಲ್ಲಿ ಮುಗಿದು ಒಗರು ಎಲ್ಲಿ ಶುರುವಾಗುತ್ತದೆ, ಆಮೇಲೆ ಕುಡಿದ ನೀರು ಯಾಕೆ ಸಿಹಿಯಾಗುತ್ತದೆ ಎಂಬುದೆಲ್ಲ ಒಂದೇ ಅನುಭವ. ಈ ಬಿಯರಿನ ಗಟ್ಟಿತನ ಇರುವುದು ಆ ಒಗರಿನಲ್ಲಿ. ಅದಿಲ್ಲದಿದ್ದರೆ ಬರೀ ನಿಂಬೆಹುಳಿ.

ಅಂಕ ಕೊಡುವುದು ನನಗೆ ವರ್ಷಕ್ಕೊಮ್ಮೆ ಬರುವ ಕೆಲಸವೂ ಹೌದು. ಅಪ್ರೈಸಲ್‌ನಲ್ಲಿ ಹದಿನಾಲ್ಕು ಜನರನ್ನು ಒಂದರಿಂದ ಐದರೊಳಗೆ ಕೂರಿಸಬೇಕು. ಕೆಲ ವರ್ಷಗಳ ಹಿಂದೆ ತಂಡದಲ್ಲೊಬ್ಬ ಟೆಸ್ಟರ್ ಇದ್ದ. ಮಾತು ಹುಳಿ, ಮೀಟಿಂಗ್‌ನಲ್ಲಿ ನಗುವುದಿಲ್ಲ, ಪ್ರತಿ ರಿಲೀಸ್‌ಗೂ ಅಡ್ಡ ಬರುತ್ತಿದ್ದ. ಎರಡು ಕೊಟ್ಟೆ. ಅವನು ಬೇರೆ ಕಡೆ ಹೋದ ಮೇಲೆಯೇ ಅವನು ಏನೇನು ಹಿಡಿಯುತ್ತಿದ್ದ ಎಂದು ಗೊತ್ತಾಗಿದ್ದು. ಬಿಯರಿಗಾದರೆ ಇನ್ನೊಂದು ಗ್ಲಾಸ್ ತರಿಸಿ ಅಂಕ ತಿದ್ದಬಹುದು. ಅಲ್ಲಿ ಆ ಫಾರ್ಮ್ ಆಗಲೇ ಸಬ್ಮಿಟ್ ಆಗಿತ್ತು.

ರುಚಿಯಲ್ಲಿ ಮೂರು ಅಂಕ ಕಡಿದದ್ದೇಕೆ ಎಂದರೆ, ಹುಳಿ ಕೆಲವು ಗುಟುಕುಗಳಲ್ಲಿ ಹಣ್ಣನ್ನೇ ಮುಚ್ಚಿಹಾಕುತ್ತದೆ. ಇಟ್ಟಷ್ಟೂ ಹಣ್ಣಿನ ಘಮ ಕುಂದುತ್ತದೆ ಕೂಡ. ಯಾರಾದರೂ ತಂದುಕೊಟ್ಟರೆ ಕಪಾಟಿನಲ್ಲಿ ಅಲಂಕಾರಕ್ಕೆ ಇಡಬೇಡಿ. ತೀರಾ ಐಸಿನಂತೆ ತಣ್ಣಗೂ ಬೇಡ. ಸಣ್ಣ ಗ್ಲಾಸಿಗೆ ಬಗ್ಗಿಸಿ, ಇಬ್ಬರು ಹಂಚಿಕೊಳ್ಳಿ. ಅಂಕ ಕೊಡುವ ಚಟವಿದ್ದರೆ ಗ್ಲಾಸ್ ಮುಗಿಯುವವರೆಗೆ ಫೋನ್ ಜೇಬಿನಲ್ಲೇ ಇರಲಿ.