ದೀಪ ಹತ್ತಿದ ಮೇಲಿನ ಅರ್ಧ ಗಂಟೆ

ಸಿನಿಮಾ ಹಬ್ಬ ಅಂದರೆ ತಾರೆಯರು, ಕೆಂಪು ಹಾಸು, ಹಾರ ತುರಾಯಿ ಅಂತ ಊರಿನಲ್ಲಿರುವ ನಮ್ಮವರ ಲೆಕ್ಕ. ಮನಸ್ಸಿನ ಕಾಯಿಲೆಗಳ ಬಗ್ಗೆಯೇ ಒಂದು ಚಿತ್ರೋತ್ಸವ ಉಂಟು, ಅದರಲ್ಲಿ ಕಿರುಚಿತ್ರಗಳಿಗೆ ಸ್ಪರ್ಧೆಯೂ ಉಂಟು ಅಂದರೆ ನಂಬುವುದಕ್ಕೆ ಸ್ವಲ್ಪ ಕಷ್ಟ. ಚೆನ್ನೈನ ಸ್ಕಿಜೋಫ್ರೇನಿಯಾ ರಿಸರ್ಚ್ ಫೌಂಡೇಶನ್, ಎಲ್ಲರ ಬಾಯಲ್ಲಿ ಚಿಕ್ಕದಾಗಿ ಸ್ಕಾರ್ಫ್, 'ಫ್ರೇಮ್ ಆಫ್ ಮೈಂಡ್' ಎಂಬ ಹೆಸರಿನಲ್ಲಿ ಅಂಥದನ್ನು ನಡೆಸಿದೆ. 1984ರಲ್ಲಿ ಈ ಸಂಸ್ಥೆ ಕಟ್ಟಿದ ಡಾ. ಶಾರದಾ ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, ಮನೋವೈದ್ಯಶಾಸ್ತ್ರ ಕಲಿತದ್ದು ಈಗ ನಿಮ್ಹಾನ್ಸ್ ಇರುವ ಬೆಂಗಳೂರಿನ ಅಂಗಳದಲ್ಲಿ. ಕಿಲ್ಪಾಕ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ವರ್ಷಾನುಗಟ್ಟಲೆ ನಡೆಸಿದ ಆ ತಾಯಿ 2021ರಲ್ಲಿ, 98 ವರ್ಷದವರಾಗಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಇನ್ನೂ ನಾಲ್ಕು ಸಾಲು ಹೆಚ್ಚು ಬರಬೇಕಿತ್ತು ಅಂತ ನನಗೆ ಆಗ ಅನ್ನಿಸಿತ್ತು. ಇರಲಿ.

ಬ್ಯಾಂಕಿನ ವರ್ಗಾವಣೆಗಳ ದೆಸೆಯಿಂದ ಪುಣೆಯಲ್ಲಿ ಕೆಲವು ವರ್ಷ, ಆಮೇಲೆ ಖಾಯಂ ಆಗಿ ಚೆನ್ನೈನಲ್ಲಿ ಇರುವ ನಾನು ಇಂಥ ಉತ್ಸವಗಳಲ್ಲಿ, ಕಾಲೇಜುಗಳ ಪ್ರದರ್ಶನಗಳಲ್ಲಿ ಸಾಕಷ್ಟು ಕಿರುಚಿತ್ರ ನೋಡಿದ್ದೇನೆ. ಎಂ.ಕಾಂ. ಓದಿದವನಿಗೆ ಸಿನಿಮಾ ವಿಮರ್ಶೆ ಯಾಕೆ ಅನ್ನಬೇಡಿ. ಲೆಕ್ಕ ತಪಾಸಣೆ ಮಾಡಿದವರಿಗೆ ಒಂದು ಅಭ್ಯಾಸ ಇರುತ್ತದೆ: ಬರೆದ ಅಂಕಿಗಿಂತ ಬಿಟ್ಟ ಅಂಕಿಯನ್ನು ಹುಡುಕುವುದು. ಈ ಚಿತ್ರಗಳಲ್ಲೂ ನಾನು ಅದನ್ನೇ ಮಾಡಿದ್ದೇನೆ.

ಹತ್ತರಲ್ಲಿ ಏಳು ಚಿತ್ರ ಹೀಗಿರುತ್ತವೆ. ಕತ್ತಲೆ ಕೋಣೆ, ತಿರುಗುವ ಫ್ಯಾನು, ತೊಟ್ಟಿಕ್ಕುವ ನಲ್ಲಿ. ಹುಡುಗನೋ ಹುಡುಗಿಯೋ ಗೋಡೆಗೆ ಒರಗಿ ಕೂತಿರುತ್ತಾರೆ. ಫೋನ್ ಬಡಿದುಕೊಳ್ಳುತ್ತದೆ, ಎತ್ತುವುದಿಲ್ಲ. ಕೊನೆಗೆ ಒಬ್ಬ ಗೆಳೆಯ ಬಂದು ತಬ್ಬಿಕೊಳ್ಳುತ್ತಾನೆ, ಇಲ್ಲವೇ ವೈದ್ಯರ ಕೋಣೆಯ ಬಾಗಿಲು ಮೆಲ್ಲಗೆ ತೆರೆಯುತ್ತದೆ, ಬೆಳಕು ಬೀಳುತ್ತದೆ, ಪಿಟೀಲು. ಅಷ್ಟೆ. ಮಕ್ಕಳು ಪಾಪ ಕೈಯಿಂದ ದುಡ್ಡು ಹಾಕಿ, ರಜೆ ಹಾಕಿ ಮಾಡಿದ್ದು, ಹಗುರವಾಗಿ ಮಾತಾಡಬಾರದು. ಆದರೆ ಬಾಗಿಲು ತೆರೆದಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳುವುದು ಮಾತ್ರ ಸುಳ್ಳು ಲೆಕ್ಕ. ನಿಜವಾದ ಕಥೆ ಮಾತ್ರೆ ಚೀಟಿ ಹಿಡಿದು ಮನೆಗೆ ವಾಪಸ್ ಬಂದ ಮೇಲೆ ಶುರುವಾಗುತ್ತದೆ.

ಇದು ನಮ್ಮವರಿಗೆ ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ 'ಶರಪಂಜರ' ನೆನಪು ಮಾಡಿಕೊಳ್ಳಿ. ಬಾಣಂತನದ ನಂತರ ಕಾವೇರಿಗೆ ಬುದ್ಧಿ ಕೆಡುತ್ತದೆ, ಆಸ್ಪತ್ರೆಗೆ ಹೋಗುತ್ತಾಳೆ, ಗುಣವಾಗಿ ಬರುತ್ತಾಳೆ. ಇಂದಿನ ಕಿರುಚಿತ್ರವಾಗಿದ್ದರೆ ಅಲ್ಲಿಗೆ ಚಪ್ಪಾಳೆ. ಪುಟ್ಟಣ್ಣನವರಿಗೆ ಅಲ್ಲಿಂದ ಮುಂದಿನದೇ ಮುಖ್ಯ: ಗಂಡನ ಅನುಮಾನ, ನೆಂಟರ ಪಿಸುಮಾತು, ಜೋರಾಗಿ ನಕ್ಕರೂ ಕಾಯಿಲೆ ಅತ್ತರೂ ಕಾಯಿಲೆ ಅನ್ನುವ ನೋಟ. ಗುಣವಾದವಳನ್ನು ಮನೆಯೇ ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ. ಕಲ್ಪನಾ ಅವರ ಅಭಿನಯ ಇಂದಿನ ಕಣ್ಣಿಗೆ ಸ್ವಲ್ಪ ಜೋರು ಅನ್ನಿಸೀತು, ಆದರೆ ಚಿತ್ರದ ಲೆಕ್ಕ ಸರಿಯಾಗಿದೆ.

ನನಗೆ ಇದರಲ್ಲಿ ಇಷ್ಟು ಆಸಕ್ತಿ ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಬಹಳ ವರ್ಷಗಳಿಂದ ನಮ್ಮ ಮನೆಯಲ್ಲೇ ಇದ್ದಾನೆ. ಡಿಗ್ರಿ ಕೊನೆಯ ವರ್ಷದಲ್ಲಿ ಅವನಿಗೆ ಯಾರೋ ಮಾತಾಡುವುದು ಕೇಳಿಸುವುದಕ್ಕೆ ಶುರುವಾಯಿತು. ಊರಿನಲ್ಲಿ ತಾಯತ ಆಯಿತು, ಹರಕೆ ಆಯಿತು, 'ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು' ಅನ್ನುವ ಗಾದೆಯ ಎರಡನೇ ಅರ್ಧ ಹಿಡಿದುಕೊಂಡು ಹೆಣ್ಣು ನೋಡುವ ಮಾತೂ ಬಂತು. ಆಗ ನನ್ನ ಹೆಂಡತಿ ಹೋಗಿ ಕರೆದುಕೊಂಡು ಬಂದಳು. ಊರಿಗೆ ಹೇಳಿದ್ದು 'ಮದ್ರಾಸಿನಲ್ಲಿ ಕೆಲಸಕ್ಕಿದ್ದಾನೆ' ಅಂತ. ಹೊರನಾಡು ಒಂದು ಒಳ್ಳೆಯ ಪರದೆ. ಅದರ ಹಿಂದೆ ಇಂಥ ಎಷ್ಟು ಜನ 'ಕೆಲಸಕ್ಕಿದ್ದಾರೋ' ಯಾರಿಗೆ ಗೊತ್ತು? ಊರಿನ ಕಣ್ಣಿನಿಂದ ತಪ್ಪಿಸಿಕೊಂಡು ನೆಮ್ಮದಿಯಾಗಿ ಚಿಕಿತ್ಸೆ ಕೊಡಿಸಬಹುದು. ಆದರೆ ರಾತ್ರಿ ಎರಡು ಗಂಟೆಗೆ ಅವನು ಎದ್ದು ಓಡಾಡುತ್ತಿದ್ದರೆ ಜೊತೆಗೆ ಕೂರುವುದಕ್ಕೆ ಚಿಕ್ಕಪ್ಪ ದೊಡ್ಡಪ್ಪ ಯಾರೂ ಇರುವುದಿಲ್ಲ.

ಪುಣೆಯ ದಿನಗಳಲ್ಲಿ ನೋಡಿದ 'ದೇವ್‌ರಾಯ್' (2004) ನನ್ನ ಹೆಂಡತಿಯನ್ನು ತಟ್ಟಿದ್ದು ಅದಕ್ಕೇ. ಸುಮಿತ್ರಾ ಭಾವೆ, ಸುನೀಲ್ ಸುಖಠಣ್‌ಕರ್ ಜೋಡಿಯ ಈ ಮರಾಠಿ ಚಿತ್ರದಲ್ಲೂ ಅಕ್ಕರೆಯ ಸಹೋದರಿಯೊಬ್ಬಳು ಕಾಯಿಲೆಯ ಸಹೋದರನನ್ನು ತನ್ನ ಮನೆಗೆ ಕರೆತರುತ್ತಾಳೆ. ಅವನಾಗಿ ನಟಿಸಿದ ಅತುಲ್ ಕುಲಕರ್ಣಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಹೆಸರಿನ ಅರ್ಥ ದೇವರಕಾಡು ಅಂತ, ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇದನ್ನು ಮಾಡಿಸಿದವರು ಕೆನಡಾದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಗನ್ನಾಥ ವಾಣಿ. ಹೆಂಡತಿಯ ಕಾಯಿಲೆಯಿಂದ ಪಾಠ ಕಲಿತು ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಶನ್ ಕಟ್ಟಿದವರು. ಮನೆಯಲ್ಲಿ ಅನುಭವಿಸಿದವರ ದುಡ್ಡಿನಲ್ಲಿ ಆದ ಚಿತ್ರವಾದ್ದರಿಂದಲೋ ಏನೋ, ಸಹೋದರಿಯ ಗಂಡನ ಸಂಕಟ, ಮಗುವಿನ ಭಯ ಅದರಲ್ಲಿ ಬಿಟ್ಟುಹೋಗಿಲ್ಲ. ಇದೇ ಜೋಡಿಯ 'ಕಾಸವ್' 2016ನೇ ಸಾಲಿನ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಸ್ವತಃ ಮನೋವೈದ್ಯರಾದ ಮೋಹನ್ ಆಗಾಶೆ ಅದರಲ್ಲಿ ಕಡಲಾಮೆ ಕಾಯುವವರಾಗಿ ನಟಿಸಿದ್ದಾರೆ, ವೈದ್ಯರಾಗಿ ಅಲ್ಲ. ಆ ಆಯ್ಕೆ ನನಗೆ ಬಹಳ ಹಿಡಿಸಿತು.

ಇವೆಲ್ಲ ಎರಡು ಗಂಟೆಯ ಚಿತ್ರಗಳು, ಹತ್ತು ನಿಮಿಷದಲ್ಲಿ ಅಷ್ಟೆಲ್ಲ ಹೇಗೆ ಸಾಧ್ಯ ಅಂತ ಕೇಳಬಹುದು. ಸಾಧ್ಯ ಇದೆ. ಹತ್ತು ನಿಮಿಷಕ್ಕೆ ಬೇಕಾದ್ದು ಒಂದು ಲೋಟ. ಮಾತ್ರೆಯಿಂದ ಬಾಮೈದನ ಕೈ ನಡುಗುತ್ತದೆ, ಅದಕ್ಕೆ ಮನೆಯಲ್ಲಿ ಅವನಿಗೆ ಯಾವಾಗಲೂ ಮುಕ್ಕಾಲು ಲೋಟ ಕಾಫಿ. ಬಂದ ನೆಂಟರಿಗೂ ಮುಕ್ಕಾಲೇ, ಅವನಿಗೆ ವ್ಯತ್ಯಾಸ ಕಾಣದಿರಲಿ ಅಂತ. ಇಂಥದನ್ನು ಒಬ್ಬ ಹುಡುಗ ತೆಗೆದು ತೋರಿಸಿದರೆ ಪಿಟೀಲು ಬೇಕಿಲ್ಲ. ಒಮ್ಮೆ ಅವನನ್ನೂ ಪ್ರದರ್ಶನಕ್ಕೆ ಕರೆದೊಯ್ದಿದ್ದೆವು. ಕತ್ತಲೆ ಕೋಣೆಯ ಚಿತ್ರ ಮುಗಿದ ಮೇಲೆ ನನ್ನ ಕಿವಿಯಲ್ಲಿ ಕೇಳಿದ: "ಭಾವ, ಅವನಿಗೆ ಊಟ ಯಾರು ಕೊಡ್ತಾರೆ?" ಆ ಚಿತ್ರದ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ.

ಬಿಟ್ಟ ಅಂಕಿಗಳು ಇನ್ನೂ ಇವೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅಲೆಯುವುದು, ಅದರಲ್ಲಿ ಶೇಕಡಾ 40 ಬರುತ್ತದೋ ಇಲ್ಲವೋ ಎಂಬ ಆತಂಕ, ಖಾತೆ ನಡೆಸುವುದಕ್ಕೆ ಪೋಷಕರು ಯಾರು ಎಂಬ ಪ್ರಶ್ನೆ. ಪಿಂಚಣಿದಾರನಿಗೆ ದುಡಿಯಲಾರದ ಮಾನಸಿಕ ಅಸ್ವಸ್ಥ ಮಗ ಇದ್ದರೆ ಅವನಿಗೆ ಕುಟುಂಬ ಪಿಂಚಣಿ ಮುಂದುವರಿಯುವ ದಾರಿ ನಿಯಮದಲ್ಲಿದೆ. ಬಾಮೈದನಿಗೆ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎನ್ನುತ್ತದೆ. ಕೌಂಟರಿನಲ್ಲಿ ಕೇಳಿ ನೋಡಿ, ಅದೇ ಒಂದು ಕಿರುಚಿತ್ರವಾದೀತು, ಹಾಸ್ಯದ್ದು. ನಾವಿಬ್ಬರೂ ಹೋದ ಮೇಲೆ ಇವನನ್ನು ಯಾರು ನೋಡ್ಕೋತಾರೆ ಎಂಬ ಮಾತು ನಮ್ಮ ಮನೆಯಲ್ಲಿ ದೀಪ ಆರಿದ ಮೇಲೆ ದಿನಾ ಬರುತ್ತದೆ. ಪರದೆಯ ಮೇಲೆ ಬಂದದ್ದು ಅಪರೂಪ.

ಹಾಗಾದರೆ ಉತ್ಸವದಿಂದ ಏನು ಉಪಯೋಗ? ಇದೆ, ದೊಡ್ಡದೇ ಇದೆ. ಅದು ಚಿತ್ರದಲ್ಲಿ ಅಲ್ಲ, ದೀಪ ಹತ್ತಿದ ಮೇಲಿನ ಅರ್ಧ ಗಂಟೆಯಲ್ಲಿ. 2001ರ ಆಗಸ್ಟಿನಲ್ಲಿ ಏರ್ವಾಡಿಯಲ್ಲಿ ಸರಪಳಿ ಕಟ್ಟಿಸಿಕೊಂಡಿದ್ದ 28 ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತ ರಾಜ್ಯ ಇದು. ಇಲ್ಲಿ ಸಭೆಯಲ್ಲಿ ಈ ವಿಷಯ ಎತ್ತಿದರೆ ಹಳಬರು ಯಾರಾದರೂ ಒಂದು ಮಾತು ಸೇರಿಸುತ್ತಾರೆ. ಆದರೆ ವೇದಿಕೆಯ ಸಂವಾದ ಇಂಗ್ಲಿಷಿನಲ್ಲಿ, ಮೈಕು ಹಿಡಿದವರು ಹೆಚ್ಚಾಗಿ ಓದಿಕೊಂಡವರು. ನಿಜವಾದ ಮಾತು ನಡೆಯುವುದು ಹೊರಗೆ ಟೀ ಮೇಜಿನ ಹತ್ತಿರ, ತಮಿಳಿನಲ್ಲಿ, ತೆಲುಗಿನಲ್ಲಿ. ಮೂವತ್ತು ವರ್ಷ ತಮಿಳು ಮಾತಾಡಿದರೂ ನನ್ನ ಹೆಂಡತಿಗೆ 'ಅವನಿಗೆ ಅನುಮಾನ ಜಾಸ್ತಿ, ಅನ್ನಕ್ಕೆ ಏನೋ ಹಾಕಿದೀವಿ ಅಂತಾನೆ' ಎನ್ನುವುದು ಕನ್ನಡದಲ್ಲಿ ಮಾತ್ರ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಭಾಷೆ ಆರಿಸಿಕೊಳ್ಳಲು ಬಿಡುತ್ತದೆ, ಕನ್ನಡವೂ ಇದೆ. ಹೊರನಾಡಿನವರು ಇದನ್ನು ಬರೆದಿಟ್ಟುಕೊಳ್ಳಿ.

ಸ್ಕಾರ್ಫ್‌ನವರೇ 2010ರಲ್ಲಿ ಪುದುಕೋಟ್ಟೈ ಜಿಲ್ಲೆಯ ಹಳ್ಳಿಗಳಿಗೆ ಒಂದು ಬಸ್ಸು ಕಳಿಸಿದರು. ಅದರೊಳಗೆ ಕೂತು ಚೆನ್ನೈನ ವೈದ್ಯರ ಜೊತೆ ಪರದೆಯ ಮೇಲೆ ಮಾತಾಡಬಹುದು, ಔಷಧಿ ಅಲ್ಲೇ ಸಿಗುತ್ತದೆ, ಊರವರಿಗೆ ಚಿತ್ರವನ್ನೂ ತೋರಿಸುತ್ತಾರೆ. ಚಿತ್ರ ನೋಡಿದವನು ಹತ್ತು ಹೆಜ್ಜೆ ನಡೆದರೆ ಡಾಕ್ಟರು. ನಗರದ ಉತ್ಸವಗಳು ಈ ಬಸ್ಸಿನಿಂದ ಕಲಿಯಬೇಕು.

ನಮ್ಮ ಒಂದು ಕನ್ನಡ ಸಂಘದ ಸಮಿತಿಯಲ್ಲಿ, ರಾಜ್ಯೋತ್ಸವಕ್ಕೆ ಇಂಥ ಮೂರು ಕಿರುಚಿತ್ರ ಹಾಕೋಣ ಅಂದೆ. "ಹಬ್ಬದ ದಿನ ಯಾಕೆ ಸಾರ್ ಇದೆಲ್ಲ, ಒಂದು ಯಕ್ಷಗಾನ ಇಟ್ಟುಕೊಳ್ಳೋಣ" ಅಂದರು. ಯಕ್ಷಗಾನವೇ ಆಯಿತು, ಚೆನ್ನಾಗಿಯೂ ಆಯಿತು. ಚಿತ್ರಗಳನ್ನು ಇನ್ನೊಂದು ಭಾನುವಾರ ಹಾಕಿದೆವು. ಬಂದವರು ಹತ್ತೊಂಬತ್ತು ಜನ. ಮುಗಿದ ಮೇಲೆ ಯಾರೂ ಏನೂ ಕೇಳಲಿಲ್ಲ, ಕುರ್ಚಿ ಮಡಚುವುದಕ್ಕೆ ಶುರು ಮಾಡಿದೆವು. ಆಗ ಪರಿಚಯವಿಲ್ಲದ ಒಬ್ಬ ಹೆಂಗಸು ನನ್ನ ಹೆಂಡತಿಯ ಹತ್ತಿರ ಬಂದು, ಮಾತ್ರೆ ತಿಂದರೆ ದಪ್ಪ ಆಗ್ತಾರಂತೆ ಹೌದೇನಮ್ಮ ಅಂತ ಕೇಳಿದರು. ಇಬ್ಬರೂ ಮೂಲೆಯಲ್ಲಿ ಕೂತರು. ನಾವು ಉಳಿದ ಕುರ್ಚಿಗಳನ್ನೆಲ್ಲ ಎತ್ತಿಟ್ಟೆವು, ಅವೆರಡನ್ನು ಬಿಟ್ಟು.